ಬಡಾವಣೆಯೊಂದರ ವಾಸಯೋಗ್ಯತೆಯನ್ನು ಅಳೆಯುವ ಬಗೆ

ವಾಸಯೋಗ್ಯ ನಗರಗಳ ಪಟ್ಟಿ ಪ್ರತಿವರ್ಷವೂ ಸುದ್ದಿಯಾಗುತ್ತದೆ. ಅಂಥ ಪಟ್ಟಿಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನ ಸೂಚ್ಯಂಕವು ನಗರಗಳನ್ನು 30 ಅಂಶಗಳ ಆಧಾರದಲ್ಲಿ ತೂಗುತ್ತದೆ. ಅದರಲ್ಲಿ ಸ್ಥಿರತೆಗೆ ಶೇ 25, ಸಂಸ್ಕೃತಿ ಮತ್ತು ಪರಿಸರಕ್ಕೆ ಶೇ 25, ಆರೋಗ್ಯಸೇವೆಗೆ ಶೇ 20, ಮೂಲಸೌಕರ್ಯಕ್ಕೆ ಶೇ 20, ಶಿಕ್ಷಣಕ್ಕೆ ಶೇ 10ರಷ್ಟು ಪಾಲಿದೆ. ಕಂಪನಿಯೊಂದು ತನ್ನ ನೌಕರನನ್ನು ಪರದೇಶಕ್ಕೆ ಕಳುಹಿಸುವಾಗ ಎಷ್ಟು ಕಷ್ಟಭತ್ಯೆ ಕೊಡಬೇಕೆಂದು ನಿರ್ಧರಿಸುವುದು ಇಂಥ ಪಟ್ಟಿಗಳ ಮುಖ್ಯ ಉಪಯೋಗಗಳಲ್ಲೊಂದು. ಕೆಲವು ವರ್ಷ ಇದ್ದು ಹೋಗುವ, ಮನೆ ಬಾಡಿಗೆಯ ಚಿಂತೆಯಿಲ್ಲದ ಅಧಿಕಾರಿಗೆ ಅದು ಸಾಕು. ಜೀವನವೆಚ್ಚವನ್ನು ಅದೇ ಸಂಸ್ಥೆ ಬೇರೊಂದು ಸಮೀಕ್ಷೆಯಲ್ಲಿ ಅಳೆಯುತ್ತದೆಯೇ ಹೊರತು ಈ ಅಂಕದಲ್ಲಿ ಸೇರಿಸುವುದಿಲ್ಲ. ಸಂಬಳದ ಬಹುಪಾಲನ್ನು ಬಾಡಿಗೆಗೇ ತೆರುತ್ತಾ ಒಂದೇ ಬೀದಿಯಲ್ಲಿ ಬಾಳುವವರ ಬದುಕು ಹೇಗಿದೆ ಎಂಬುದನ್ನು ತಿಳಿಯಲು ಬೇರೆಯದೇ ಅಳತೆ ಬೇಕು. ನಗರಕ್ಕೆಲ್ಲ ಒಂದೇ ಅಂಕ ಕೊಡುವ ಬದಲು ಬಡಾವಣೆಯ ಮಟ್ಟದಲ್ಲಿ, ಅಲ್ಲಿನ ನಿವಾಸಿಗಳಿಗಾಗಿ ಮತ್ತು ಅವರೊಡನೆ ಸೇರಿ ಆ ಅಳತೆಯನ್ನು ನಡೆಸುವುದು ಹೇಗೆಂಬುದು ಇಲ್ಲಿನ ವಿಷಯ. ಒಂದು ನಿವಾಸಿಗಳ ಸಂಘ, ಒಂದು ಕಾಲೇಜು ವಿಭಾಗ ಅಥವಾ ನಗರಾಡಳಿತದ ಒಂದು ಸಣ್ಣ ತಂಡಕ್ಕೆ ಇದು ಕೈಗೆಟುಕುವ ಕೆಲಸವೇ.

ಪ್ರಶ್ನೆ ಮತ್ತು ಗಡಿ

ಅಳತೆಗೆ ಕೈಹಾಕುವ ಮುನ್ನ, ಅದರ ಫಲಿತಾಂಶವನ್ನು ನೋಡಿ ಯಾರು ಯಾವ ತೀರ್ಮಾನ ಕೈಗೊಳ್ಳಬೇಕಾಗಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಯಾವ ಬೀದಿಯ ಪಾದಚಾರಿ ಮಾರ್ಗವನ್ನು ಮೊದಲು ದುರಸ್ತಿ ಮಾಡಬೇಕು, ಹೊಸ ಬಸ್ ತಂಗುದಾಣ ಎಲ್ಲಿ ಬರಬೇಕು, ಹಿಂದಿನ ಸುಧಾರಣೆಯಿಂದ ಯಾರಿಗಾದರೂ ಪ್ರಯೋಜನವಾಯಿತೇ ಎಂಬಂತಹ ಪ್ರಶ್ನೆಗಳು ಅಳತೆಗೆ ಒಗ್ಗುತ್ತವೆ. ‘ನಮ್ಮ ಬಡಾವಣೆ ಎಷ್ಟು ಚೆನ್ನಾಗಿದೆ?’ ಎಂಬ ಪ್ರಶ್ನೆ ಒಗ್ಗುವುದಿಲ್ಲ. ಸೂಚಕಗಳನ್ನು ಆರಿಸುವಾಗಲೂ ಇದೇ ಒರೆಗಲ್ಲು: ಈ ಅಂಕೆ ಅರ್ಧಕ್ಕಿಳಿದರೆ ಅಥವಾ ಎರಡು ಪಟ್ಟಾದರೆ ನಮ್ಮ ತೀರ್ಮಾನ ಬದಲಾಗುತ್ತದೆಯೇ ಎಂದು ಕೇಳಿಕೊಂಡು, ಬದಲಾಗದಿದ್ದರೆ ಆ ಸೂಚಕವನ್ನು ಕೈಬಿಡಬೇಕು. ಹೀಗೆ ಸೋಸಿದಾಗ ಅರವತ್ತು ಸೂಚಕಗಳ ಪಟ್ಟಿ ಹನ್ನೆರಡಕ್ಕೋ ಹದಿನೈದಕ್ಕೋ ಇಳಿಯುತ್ತದೆ, ಮತ್ತು ಸಣ್ಣ ತಂಡವೊಂದು ಪ್ರಾಮಾಣಿಕವಾಗಿ ಅಳೆಯಬಲ್ಲದ್ದು ಅಷ್ಟನ್ನೇ. ನಗರಗಳ ಸೇವೆ ಮತ್ತು ಜೀವನಮಟ್ಟದ ಸೂಚಕಗಳಿಗಾಗಿ 2014ರಲ್ಲಿ ಮೊದಲು ಪ್ರಕಟವಾಗಿ 2018ರಲ್ಲಿ ಪರಿಷ್ಕೃತಗೊಂಡ ಐಎಸ್‌ಒ 37120 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಯಾವುದನ್ನು ಹೇಗೆ ವ್ಯಾಖ್ಯಾನಿಸಬೇಕೆಂಬುದಕ್ಕೆ ಅದನ್ನು ನೋಡಬಹುದು, ಆದರೆ ಅದು ಇಡೀ ನಗರಕ್ಕಾಗಿ ರೂಪಿಸಿದ್ದು ಎಂಬುದನ್ನು ಮರೆಯಬಾರದು.

ಮುಂದಿನದು ಗಡಿಯ ವಿಷಯ. ಆಡಳಿತವು ಗುರುತಿಸಿದ ವಾರ್ಡಿನ ಗಡಿಯನ್ನೇ ತೆಗೆದುಕೊಂಡರೆ ಅಂಕಿ-ಅಂಶಗಳು ಸುಲಭವಾಗಿ ಸಿಗುತ್ತವೆ, ಆದರೆ ಜನರ ಮನಸ್ಸಿನಲ್ಲಿರುವ ‘ನಮ್ಮ ಏರಿಯಾ’ಕ್ಕೂ ಅದಕ್ಕೂ ತಾಳೆಯಾಗುವುದು ಅಪರೂಪ. ಬೇರೆ ಬೇರೆ ವಯಸ್ಸಿನ ಇಪ್ಪತ್ತು ಮೂವತ್ತು ನಿವಾಸಿಗಳ ಕೈಗೆ ಖಾಲಿ ನಕ್ಷೆಯನ್ನು ಕೊಟ್ಟು, ತಮ್ಮದೆಂದು ಭಾವಿಸುವ ಪ್ರದೇಶದ ಸುತ್ತ ಗೆರೆ ಎಳೆಯಲು ಹೇಳಬೇಕು. ಎಲ್ಲ ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟಾಗ ಬಹುತೇಕ ಗೆರೆಗಳ ಒಳಗೆ ಬರುವ ಭಾಗವೇ ನಾವು ಅಳೆಯಬೇಕಾದ ಬಡಾವಣೆ. ಮಕ್ಕಳು ಮತ್ತು ವೃದ್ಧರು ಎಳೆಯುವ ಗೆರೆ ಉಳಿದವರದಕ್ಕಿಂತ ಎಷ್ಟು ಚಿಕ್ಕದೆಂಬುದೇ ಒಂದು ಮಾಹಿತಿ. ಗಡಿ ನಿಗದಿಯಾದ ಮೇಲೆ ಅದನ್ನು ಒಂದು ಬೀದಿಯಷ್ಟು ಆಚೀಚೆ ಸರಿಸಿ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಒಳ್ಳೆಯದು. ಗಡಿಯ ಸಣ್ಣ ಬದಲಾವಣೆಗೇ ಫಲಿತಾಂಶ ತಲೆಕೆಳಗಾಗುವುದಾದರೆ, ನಾವು ಕಂಡದ್ದು ಬಡಾವಣೆಯ ಗುಣವನ್ನಲ್ಲ, ಗಡಿಯ ಗುಣವನ್ನು.

ನಡಿಗೆಯನ್ನು ಅಳೆಯುವಾಗ

ಮನೆಯಿಂದ ಸೌಲಭ್ಯಗಳಿಗಿರುವ ದೂರ ಎಲ್ಲ ಸೂಚ್ಯಂಕಗಳಲ್ಲೂ ಇರುತ್ತದೆ, ಮತ್ತು ಹೆಚ್ಚು ತಪ್ಪಾಗಿ ಅಳೆಯಲಾಗುವುದೂ ಅದನ್ನೇ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚಕಗಳನ್ನು ಲೆಕ್ಕ ಹಾಕುವಾಗ ಸಾರ್ವಜನಿಕ ತೆರೆದ ಸ್ಥಳ 400 ಮೀಟರ್ ನಡಿಗೆಯೊಳಗಿರಬೇಕು, ಬಸ್ಸಿನಂತಹ ಸಾರಿಗೆಯ ನಿಲ್ದಾಣ 500 ಮೀಟರ್ ಒಳಗೆ, ರೈಲು ಮೆಟ್ರೊಗಳಂತಹ ಹೆಚ್ಚು ಸಾಮರ್ಥ್ಯದ ಸಾರಿಗೆ 1 ಕಿಲೊಮೀಟರ್ ಒಳಗೆ ಇರಬೇಕು ಎಂದು ಎಣಿಸಲಾಗುತ್ತದೆ. ಈ ಮಿತಿಗಳನ್ನು ಹಾಗೆಯೇ ಬಳಸಬಹುದು. ಆದರೆ ನಕ್ಷೆಯ ಮೇಲೆ ಕೈವಾರವಿಟ್ಟು ವೃತ್ತ ಎಳೆದು ದೂರವನ್ನು ಅಳೆಯಬಾರದು. ಗೋಡೆಯ ಆಚೆಗಿರುವ ಉದ್ಯಾನ ನೇರ ಗೆರೆಯಲ್ಲಿ 200 ಮೀಟರ್ ಇದ್ದರೂ, ಗೇಟು ಇನ್ನೊಂದು ಬದಿಯಲ್ಲಿದ್ದರೆ ನಡೆಯಬೇಕಾದದ್ದು ಅದರ ಮೂರು ನಾಲ್ಕು ಪಟ್ಟು ಆಗಬಹುದು. 400 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಅದೇ ಬಿಂದುವಿನಿಂದ ನಿಜವಾದ ಬೀದಿಗಳಲ್ಲಿ 400 ಮೀಟರ್ ನಡೆದು ತಲುಪಬಹುದಾದ ತುದಿಗಳನ್ನು ಗುರುತಿಸಿ ಜೋಡಿಸಿದರೆ ಸಿಗುವ ಪ್ರದೇಶವನ್ನು ಈ 50 ಹೆಕ್ಟೇರಿಗೆ ಹೋಲಿಸಬೇಕು. ಕುರುಡು ಓಣಿಗಳು, ಆವರಣಗೋಡೆಗಳು, ದಾಟಲಾಗದ ಹೆದ್ದಾರಿಗಳು ತುಂಬಿದ ಕಡೆ ಈ ಪ್ರಮಾಣ ಕುಸಿಯುತ್ತದೆ, ಬೀದಿಗಳು ಒತ್ತೊತ್ತಾಗಿ ಒಂದಕ್ಕೊಂದು ಕೂಡುವ ಕಡೆ ಏರುತ್ತದೆ.

ದೂರ ಮಾತ್ರ ಸಾಲದು, ನಡೆಯುವವರು ಯಾರೆಂಬುದನ್ನೂ ಮೊದಲೇ ನಿಗದಿಪಡಿಸಿಕೊಳ್ಳಬೇಕು. ಇಲ್ಲಿ ಸರಾಸರಿ ಮನುಷ್ಯನನ್ನು ಬದಿಗಿಟ್ಟು, ಬಡಾವಣೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆ ದಾಟುವ ದೀಪದ ಅವಧಿಯನ್ನು ಬಹಳ ಕಾಲ ಸೆಕೆಂಡಿಗೆ 1.2 ಮೀಟರ್ ವೇಗವನ್ನು ಆಧರಿಸಿ ನಿಗದಿ ಮಾಡಲಾಗುತ್ತಿತ್ತು, ಅನೇಕ ಕಡೆ ಈಗಲೂ ಹಾಗೆಯೇ ಇದೆ. ಆ ಲೆಕ್ಕದಲ್ಲಿ 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡ್ ಸಾಕು. ಆದರೆ ಸೆಕೆಂಡಿಗೆ 0.8 ಮೀಟರ್‌ನಷ್ಟು ಮಾತ್ರ ನಡೆಯಬಲ್ಲ ವೃದ್ಧೆಗೆ ಅದೇ ರಸ್ತೆಗೆ 15 ಸೆಕೆಂಡ್ ಬೇಕು, ಅಂದರೆ ದೀಪ ಬದಲಾದಾಗ ಆಕೆ ಇನ್ನೂ 4 ಮೀಟರ್ ರಸ್ತೆಯ ಮೇಲೆಯೇ ಇರುತ್ತಾಳೆ. ಒಂದು ಕೈಗಡಿಯಾರ, ಒಂದು ಅಳತೆಪಟ್ಟಿ ಇದ್ದರೆ ಪ್ರತಿಯೊಂದು ದಾಟುತಾಣದಲ್ಲೂ ಈ ಲೆಕ್ಕವನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು.

ಪಾದಚಾರಿ ಮಾರ್ಗದ ಅಗಲವನ್ನು ಕಟ್ಟಡದಿಂದ ರಸ್ತೆಯಂಚಿನವರೆಗೆ ಅಳೆದು ಬರೆದುಕೊಂಡರೆ ಪ್ರಯೋಜನವಿಲ್ಲ. ಕಂಬ, ಮರದ ಬುಡ, ನಿಲ್ಲಿಸಿದ ವಾಹನ, ತೆರೆದ ಚರಂಡಿ ಇವೆಲ್ಲ ಕಳೆದು ನಡೆಯಲು ಉಳಿದ ಜಾಗವೆಷ್ಟು, ಆ ಬೀದಿಯಲ್ಲಿ ಅತಿ ಕಿರಿದಾದ ಸ್ಥಳ ಯಾವುದು ಎಂಬುದು ಮುಖ್ಯ. ಒಂದು ಗಾಲಿಕುರ್ಚಿ ಸಾಗಲು ಸುಮಾರು 0.9 ಮೀಟರ್ ಬೇಕು, ಎರಡು ಎದುರುಬದುರಾಗಿ ಹಾಯಲು 1.8 ಮೀಟರ್ ಬೇಕು. ಮುನ್ನೂರು ಮೀಟರ್ ಉದ್ದಕ್ಕೂ ಎರಡು ಮೀಟರ್ ಅಗಲವಿದ್ದು ಒಂದೇ ಒಂದು ಕಡೆ ಅರ್ಧ ಮೀಟರಿಗೆ ಇಳಿದರೂ ಗಾಲಿಕುರ್ಚಿಯವರ ಪಾಲಿಗೆ ಆ ಮಾರ್ಗ ಇಲ್ಲವೇ ಇಲ್ಲ, ಆದ್ದರಿಂದ ಇಲ್ಲಿ ಸರಾಸರಿ ತೆಗೆಯುವುದೇ ತಪ್ಪು. ಅಂಚಿನ ಎತ್ತರವನ್ನೂ ಗುರುತಿಸಿಕೊಳ್ಳಬೇಕು: 15 ಸೆಂಟಿಮೀಟರ್ ಎತ್ತರದ ಅಂಚಿಗೆ ಸಾಮಾನ್ಯವಾಗಿ ಒಪ್ಪಿತವಾದ 1:12 ಇಳಿಜಾರು ಕೊಡಬೇಕಾದರೆ 1.8 ಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ, ಅದಕ್ಕಿಂತ ಗಿಡ್ಡದಾಗಿದ್ದರೆ ಅದು ನೋಡಲಿಕ್ಕೆ ಮಾತ್ರ.

ಸದ್ದು, ಗಾಳಿ, ನೆರಳು

ಸದ್ದನ್ನು ಅಳೆಯುವವರು ಡೆಸಿಬೆಲ್ ಮಾಪನ ಲಘುಗಣಕೀಯವಾದದ್ದೆಂಬುದನ್ನು, ಅಂದರೆ 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ನೆನಪಿಡಬೇಕು. ಅರ್ಧ ಗಂಟೆ 50 ಡೆಸಿಬೆಲ್, ಇನ್ನರ್ಧ ಗಂಟೆ 70 ಡೆಸಿಬೆಲ್ ದಾಖಲಾದರೆ ಆ ಗಂಟೆಯ ಸಮಾನ ಮಟ್ಟ 60 ಅಲ್ಲ, ಸುಮಾರು 67. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ರಸ್ತೆ ಸಂಚಾರದ ಸದ್ದು ಹಗಲು, ಸಂಜೆ, ರಾತ್ರಿಗಳನ್ನು ಕೂಡಿಸಿ ಎಣಿಸಿದಾಗ 53 ಡೆಸಿಬೆಲ್ ಒಳಗೆ, ರಾತ್ರಿಯಲ್ಲಿ 45ರ ಒಳಗೆ ಇರಬೇಕೆನ್ನುತ್ತದೆ. ಮೊಬೈಲ್ ಆ್ಯಪ್‌ಗಳು ತೋರಿಸುವ ಅಂಕೆಗಳಲ್ಲಿ ಫೋನಿನಿಂದ ಫೋನಿಗೆ ವ್ಯತ್ಯಾಸವಿರುತ್ತದೆ. ಒಂದೇ ಫೋನಿನಿಂದ ಎಲ್ಲ ಬೀದಿಗಳನ್ನೂ ಅಳೆದು ಒಂದನ್ನೊಂದು ಹೋಲಿಸಿದರೆ ಅವು ಉಪಯುಕ್ತ, ಮಾರ್ಗಸೂಚಿಯ ಮಿತಿಯೊಂದಿಗೆ ಹೋಲಿಸಲು ಮಾತ್ರ ಪ್ರಮಾಣೀಕರಿಸಿದ ಉಪಕರಣವೇ ಬೇಕು. ಅಗ್ಗದ ವಾಯುಮಾಪಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಗಾಳಿಯ ತೇವಾಂಶ ಹೆಚ್ಚಿದಾಗ ಕಣಗಳನ್ನು ಹೆಚ್ಚಾಗಿ ತೋರಿಸುವುದುಂಟು. ಪಿಎಂ 2.5 ಎಂಬ ಅತಿ ಸೂಕ್ಷ್ಮ ದೂಳಿನ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ವಾರ್ಷಿಕ ಸರಾಸರಿ ಮಿತಿ ಪ್ರತಿ ಘನಮೀಟರಿಗೆ 5 ಮೈಕ್ರೋಗ್ರಾಂ. ಜಗತ್ತಿನ ಬಹುಪಾಲು ನಗರಗಳು ಇದನ್ನು ಮೀರಿರುವುದರಿಂದ ‘ಮಿತಿಯೊಳಗೆ’ ಅಥವಾ ‘ಹೊರಗೆ’ ಎಂದು ಬರೆದರೆ ಏನೂ ತಿಳಿಯದು, ಯಾವ ಬೀದಿಯಲ್ಲಿ ಯಾವ ಹೊತ್ತಿನಲ್ಲಿ ಏರುತ್ತದೆಂಬುದನ್ನು ಬರೆಯಬೇಕು.

ಹಸಿರಿನ ಅಳತೆಗೆ, ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಮುಂದಿಟ್ಟ 3-30-300 ಸೂತ್ರ ಸರಳವಾಗಿದೆ: ಪ್ರತಿ ಮನೆಯಿಂದ 3 ಮರಗಳು ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗ ಮರಗಳ ಮೇಲಾವರಣದ ಕೆಳಗಿರಬೇಕು, 300 ಮೀಟರ್ ಒಳಗೆ ಉದ್ಯಾನವಿರಬೇಕು. ಹೆಚ್ಚಿನ ಕಡೆ ಉತ್ತೀರ್ಣವಾಗದೆ ಹೋಗುವುದು ನಡುವಿನ ಅಂಶದಲ್ಲಿ.

ಬೀದಿಯ ಬದುಕು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆ್ಯಪಲ್‌ಯಾರ್ಡ್ ನಡೆಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಇಂದಿಗೂ ಮಾದರಿ. ನೋಟಕ್ಕೆ ಬಹುಮಟ್ಟಿಗೆ ಒಂದೇ ತೆರನಾದ ಮೂರು ಬೀದಿಗಳನ್ನು ಆರಿಸಿಕೊಂಡು, ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯ ನಿವಾಸಿಗಳನ್ನೂ ಸುಮಾರು 16,000 ವಾಹನ ಓಡಾಡುವ ಬೀದಿಯ ನಿವಾಸಿಗಳನ್ನೂ, ಅವೆರಡರ ನಡುವಿನ ಬೀದಿಯವರನ್ನೂ ಒಂದೇ ಪ್ರಶ್ನೆಗಳಿಂದ ಮಾತನಾಡಿಸಲಾಯಿತು. ಕಡಿಮೆ ಸಂಚಾರದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3.0 ಸ್ನೇಹಿತರು ಮತ್ತು 6.3 ಪರಿಚಿತರಿದ್ದರೆ, ಹೆಚ್ಚು ಸಂಚಾರದ ಬೀದಿಯವರಿಗೆ ಇದ್ದದ್ದು 0.9 ಸ್ನೇಹಿತರು ಮತ್ತು 3.1 ಪರಿಚಿತರು. ‘ನಿಮಗೆ ನೆರೆಹೊರೆಯವರು ಇಷ್ಟವೇ?’ ಎಂದು ಕೇಳದೆ, ಹೆಸರು ಹಿಡಿದು ಎಣಿಸಬಹುದಾದದ್ದನ್ನು ಕೇಳಿದ್ದರಿಂದಲೇ ಆ ಅಂಕೆಗಳು ಅರ್ಧ ಶತಮಾನದ ನಂತರವೂ ನಿಲ್ಲುತ್ತವೆ. ಸಮಾಜವಿಜ್ಞಾನಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಹೋದ್ಯೋಗಿಗಳು ಶಿಕಾಗೊದ 343 ನೆರೆಹೊರೆಗಳಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆಗಳೂ ಇದೇ ಜಾಡಿನವು: ಮಕ್ಕಳು ಶಾಲೆಗೆ ಹೋಗದೆ ಬೀದಿಯಲ್ಲಿ ಅಲೆಯುತ್ತಿದ್ದರೆ, ಮನೆ ಮುಂದೆ ಹೊಡೆದಾಟವಾದರೆ ನೆರೆಹೊರೆಯವರು ಮಧ್ಯೆ ಪ್ರವೇಶಿಸುವ ಸಾಧ್ಯತೆ ಎಷ್ಟು ಎಂದು ಅವರು ಕೇಳಿದರು. ಬಡತನದಂತಹ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಇಂಥ ಭರವಸೆ ಹೆಚ್ಚಿದ್ದ ಕಡೆ ಹಿಂಸಾಚಾರ ಕಡಿಮೆಯಿತ್ತು.

ಸಾರ್ವಜನಿಕ ಸ್ಥಳಗಳನ್ನು ಮಾತ್ರ ಪ್ರಶ್ನಾವಳಿಗಿಂತ ಕಣ್ಣಿನಿಂದ ಅಳೆಯುವುದೇ ಮೇಲು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಹ್ಲ್ ರೂಢಿಗೆ ತಂದ ಕ್ರಮದಲ್ಲಿ, ಪ್ರತಿ ಗಂಟೆಗೆ ಹತ್ತು ನಿಮಿಷ ಹಾದುಹೋಗುವವರನ್ನು ಎಣಿಸಿ ಆರರಿಂದ ಗುಣಿಸಲಾಗುತ್ತದೆ, ಜೊತೆಗೆ ನಿಂತವರು, ಕುಳಿತವರು, ಆಡುತ್ತಿರುವ ಮಕ್ಕಳು ಎಲ್ಲೆಲ್ಲಿದ್ದಾರೆಂದು ನಕ್ಷೆಯ ಮೇಲೆ ಗುರುತು ಹಾಕಲಾಗುತ್ತದೆ. ಹಾದುಹೋಗುವವರ ಸಂಖ್ಯೆ ಅವಶ್ಯಕತೆಯನ್ನು ಹೇಳುತ್ತದೆ, ಯಾವ ತುರ್ತೂ ಇಲ್ಲದೆ ನಿಂತು ಮಾತನಾಡುವವರ ಸಂಖ್ಯೆ ಸ್ಥಳದ ಗುಣವನ್ನು ಹೇಳುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳನ್ನು ಗಮನಿಸಿದ ವಿಲಿಯಂ ವೈಟ್, ಚೌಕವೊಂದರಲ್ಲಿ ಮಹಿಳೆಯರ ಪ್ರಮಾಣ ಎಷ್ಟಿದೆ ಎಂಬುದರಿಂದಲೇ ಅದು ಚೆನ್ನಾಗಿ ನಡೆಯುತ್ತಿದೆಯೇ ಎಂದು ಹೇಳಬಹುದೆಂದು ಕಂಡುಕೊಂಡರು. ಹಾಗಾಗಿ ಎಣಿಕೆಯ ಹಾಳೆಯಲ್ಲಿ ಒಟ್ಟು ಸಂಖ್ಯೆಯ ಜೊತೆಗೆ ಮಹಿಳೆಯರು, ಮಕ್ಕಳು, ವೃದ್ಧರು ಎಂಬ ಕಾಲಂಗಳಿರಲಿ, ಮತ್ತು ಕತ್ತಲಾದ ಮೇಲೆ ಒಂದು ಸುತ್ತು ತಪ್ಪದೆ ನಡೆಯಲಿ.

ನಿವಾಸಿಗಳನ್ನು ಕೇಳುವುದು

ಮನೆಮನೆಯ ಸಮೀಕ್ಷೆಗೆ 400 ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿದರೆ ಶೇಕಡಾವಾರು ಉತ್ತರಗಳಲ್ಲಿ ಸುಮಾರು 5 ಅಂಶಗಳ ಆಚೀಚೆ ವ್ಯತ್ಯಾಸ ಇರಬಹುದು, 100 ಮನೆಗಳಾದರೆ ಸುಮಾರು 10 ಅಂಶಗಳಷ್ಟು. ಎಂದರೆ ಚಿಕ್ಕ ಸಮೀಕ್ಷೆಯಲ್ಲಿ ಶೇ 54 ಮತ್ತು ಶೇ 60ರ ನಡುವಿನ ಅಂತರಕ್ಕೆ ಅರ್ಥ ಹಚ್ಚಬಾರದು. ಸಂಖ್ಯೆಗಿಂತಲೂ ದೊಡ್ಡ ತೊಡಕು ಯಾರು ಬಾಗಿಲು ತೆರೆಯುತ್ತಾರೆಂಬುದು. ಕೆಲಸದ ದಿನದ ಹಗಲಿನಲ್ಲಿ ಹೋದರೆ ಮನೆಯಲ್ಲಿರುವವರ ಅಭಿಪ್ರಾಯ ಮಾತ್ರ ಸಿಗುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫಾರ್ಮ್ ಹಂಚಿದರೆ ಆ ಗುಂಪಿನಲ್ಲಿ ಸಕ್ರಿಯರಾಗಿರುವ ಕೆಲವೇ ಮಂದಿಯ ದೂರುಗಳು ಸಿಗುತ್ತವೆ. ಬಾಡಿಗೆದಾರರು, ಮನೆಕೆಲಸಕ್ಕೆ ಬರುವವರು, ಕಾವಲುಗಾರರು ಎರಡರಿಂದಲೂ ಹೊರಗುಳಿಯುತ್ತಾರೆ.

ಒಟ್ಟಾರೆ ತೃಪ್ತಿಯನ್ನು ಕೇಳಲೇಬೇಕೆಂದಿದ್ದರೆ, ಮನೋವಿಜ್ಞಾನಿ ಹ್ಯಾಡ್ಲಿ ಕ್ಯಾಂಟ್ರಿಲ್ ರೂಪಿಸಿದ ಸೊನ್ನೆಯಿಂದ ಹತ್ತರವರೆಗಿನ ಏಣಿಯ ಪ್ರಶ್ನೆ ಚಿಕ್ಕದು, ಚೊಕ್ಕದು: ಸೊನ್ನೆ ಎಂದರೆ ಅತಿ ಕೆಟ್ಟ ಬದುಕು, ಹತ್ತು ಎಂದರೆ ಅತಿ ಒಳ್ಳೆಯ ಬದುಕು, ನೀವು ಯಾವ ಮೆಟ್ಟಿಲಲ್ಲಿದ್ದೀರಿ? ಆದರೆ ಜನ ಕೊರತೆಗಳಿಗೂ ಒಗ್ಗಿಹೋಗುತ್ತಾರೆ. ಇಪ್ಪತ್ತು ವರ್ಷದಿಂದ ದಿನ ಬಿಟ್ಟು ದಿನ ನೀರು ಪಡೆಯುತ್ತಿರುವವರು ‘ತೊಂದರೆಯಿಲ್ಲ’ ಎಂದೇ ಹೇಳಬಹುದು. ಅದಕ್ಕೇ ಅಭಿಪ್ರಾಯದ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲೂ ನಡೆದ ಸಂಗತಿಯ ಒಂದು ಪ್ರಶ್ನೆ ಇರಬೇಕು: ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ನೀರು ಬಂತು, ಮಗು ಒಂಟಿಯಾಗಿ ಎಲ್ಲಿಯವರೆಗೆ ಹೋಗಿತ್ತು, ಕತ್ತಲಾದ ಮೇಲೆ ಎಷ್ಟು ಬಾರಿ ನಡೆದುಕೊಂಡು ಹೊರಗೆ ಹೋಗಿದ್ದೀರಿ. ವಸತಿಯ ವೆಚ್ಚವನ್ನು ಕೇಳುವಾಗ ಬಾಡಿಗೆಯ ಜೊತೆಗೆ ಓಡಾಟದ ಖರ್ಚನ್ನೂ ಸೇರಿಸಬೇಕು, ಏಕೆಂದರೆ ಊರಾಚೆಯ ಅಗ್ಗದ ಮನೆಯ ಉಳಿತಾಯವನ್ನು ಪ್ರಯಾಣವೇ ನುಂಗಿಹಾಕಬಹುದು. ಅಮೆರಿಕದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆಯು ಇವೆರಡೂ ಸೇರಿ ಆದಾಯದ ಶೇ 45 ಮೀರಬಾರದೆಂದು ಗೆರೆ ಎಳೆದಿದೆ.

ಅಂಕೆಗಳನ್ನು ಕೂಡಿಸುವ ಮುನ್ನ

ಮೀಟರ್, ಡೆಸಿಬೆಲ್, ಶೇಕಡಾ ಎಲ್ಲವನ್ನೂ ಸೊನ್ನೆಯಿಂದ ನೂರರ ಮಾಪನಕ್ಕೆ ತಂದು ಸರಾಸರಿ ತೆಗೆಯುವುದು ವಾಡಿಕೆ. ಹೀಗೆ ಮಾಡುವಾಗ ಸದ್ದು, ಮಾಲಿನ್ಯಗಳಂತಹ ‘ಹೆಚ್ಚಾದಷ್ಟೂ ಕೆಟ್ಟ’ ಸೂಚಕಗಳನ್ನು ತಿರುಗಿಸಿಕೊಳ್ಳಬೇಕೆಂಬುದು ಗೊತ್ತಿದ್ದೂ ಮರೆತುಹೋಗುವ ವಿಷಯ. ಅದಕ್ಕಿಂತ ಗಂಭೀರವಾದದ್ದು ಸರಾಸರಿಯ ಒಳಗೇ ಅಡಗಿದೆ. ಒಂದು ಬಡಾವಣೆಗೆ ಉದ್ಯಾನದಲ್ಲಿ 90, ಸಾರಿಗೆಯಲ್ಲಿ 90, ಕುಡಿಯುವ ನೀರಿನಲ್ಲಿ 10 ಅಂಕ ಬಂದಿದೆಯೆನ್ನೋಣ, ಇನ್ನೊಂದಕ್ಕೆ ಮೂರರಲ್ಲೂ 60 ಬಂದಿದೆ. ಕೂಡಿಸಿ ಮೂರರಿಂದ ಭಾಗಿಸಿದರೆ ಮೊದಲನೆಯದಕ್ಕೆ 63, ಎರಡನೆಯದಕ್ಕೆ 60. ನೀರಿಲ್ಲದ ಬಡಾವಣೆಯೇ ಮೇಲೆ ಬಂದು ಕೂರುತ್ತದೆ. ಮೂರು ಅಂಕಗಳನ್ನು ಗುಣಿಸಿ ಘನಮೂಲ ತೆಗೆದರೆ ಮೊದಲನೆಯದು 43ಕ್ಕೆ ಕುಸಿಯುತ್ತದೆ, ಎರಡನೆಯದು 60ರಲ್ಲೇ ನಿಲ್ಲುತ್ತದೆ. ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕದಿರಲೆಂದೇ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಲ್ಲಿ ಈ ಎರಡನೆಯ ವಿಧಾನಕ್ಕೆ ಬದಲಾಯಿತು.

ಯಾವ ಸೂಚಕಕ್ಕೆ ಎಷ್ಟು ತೂಕ ಎಂಬುದಕ್ಕೆ ವೈಜ್ಞಾನಿಕ ಉತ್ತರವಿಲ್ಲ, ಅದು ಆಯ್ಕೆಯ ವಿಷಯ, ಮತ್ತು ಆ ಆಯ್ಕೆ ತಜ್ಞರ ಕೋಣೆಯೊಳಗೆ ನಡೆಯಬೇಕಾಗಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2011ರಲ್ಲಿ ಆರಂಭಿಸಿದ ಬೆಟರ್ ಲೈಫ್ ಸೂಚ್ಯಂಕದಲ್ಲಿ 11 ವಿಷಯಗಳ ತೂಕವನ್ನು ಬಳಕೆದಾರರೇ ಹೊಂದಿಸಿಕೊಳ್ಳಬಹುದು. ಬಡಾವಣೆಯ ಸಭೆಯಲ್ಲಿ ಪ್ರತಿಯೊಬ್ಬರಿಗೂ ನೂರು ಅಂಕ ಕೊಟ್ಟು ಸೂಚಕಗಳಿಗೆ ಹಂಚಲು ಹೇಳಿ, ಬಂದ ತೂಕಗಳನ್ನು ಮಹಿಳೆಯರದು, ಯುವಕರದು, ವೃದ್ಧರದು ಎಂದು ಬೇರೆ ಬೇರೆಯಾಗಿಯೇ ಲೆಕ್ಕ ಹಾಕಿ ನೋಡಬೇಕು. ಯಾರ ತೂಕ ಬಳಸಿದರೂ ಕೆಟ್ಟದಾಗಿಯೇ ಉಳಿಯುವ ಬೀದಿಗೆ ಮೊದಲು ಹಣ ಹೋಗಬೇಕು, ಅಲ್ಲಿ ವಾದಕ್ಕೆ ಎಡೆಯಿಲ್ಲ. ತೂಕ ಬದಲಾದಂತೆ ಸ್ಥಾನ ಬದಲಾಗುವ ಬೀದಿಗಳ ಬಗ್ಗೆ ಮಾತ್ರ ಚರ್ಚೆ ನಡೆಯಲಿ.

ಮರು ಅಳತೆಯಲ್ಲಿ ಒಂದು ಬಲೆಯಿದೆ. ಬೀದಿ ಸುಂದರವಾದಾಗ ಬಾಡಿಗೆ ಏರಬಹುದು, ಏರಿದಾಗ ಕಡಿಮೆ ಆದಾಯದವರು ಬಿಟ್ಟುಹೋಗುತ್ತಾರೆ, ಅವರ ಜಾಗಕ್ಕೆ ಬಂದ ಅನುಕೂಲಸ್ಥರು ಮುಂದಿನ ಸಮೀಕ್ಷೆಯಲ್ಲಿ ಹೆಚ್ಚು ತೃಪ್ತಿ, ಹೆಚ್ಚು ಸುರಕ್ಷತೆ, ಉತ್ತಮ ಆರೋಗ್ಯವನ್ನು ವರದಿ ಮಾಡುತ್ತಾರೆ. ಅಂಕ ಏರುತ್ತದೆ, ಆದರೆ ಯಾರ ಬದುಕೂ ಸುಧಾರಿಸಿರುವುದಿಲ್ಲ. ವಿಳಾಸಗಳು ಮಾತ್ರ ಬದಲಾಗಿರುತ್ತವೆ. ಇದನ್ನು ಹಿಡಿಯಲು ‘ಈ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?’ ಎಂಬ ಪ್ರಶ್ನೆಯನ್ನು ಮೊದಲ ಸಮೀಕ್ಷೆಯಲ್ಲೇ ಸೇರಿಸಬೇಕು, ಎರಡನೆಯ ಬಾರಿ ಹಳೆಯ ನಿವಾಸಿಗಳ ಉತ್ತರಗಳನ್ನು ಹೊಸಬರದರಿಂದ ಬೇರ್ಪಡಿಸಬೇಕು, ಒಪ್ಪಿಗೆ ಕೊಟ್ಟವರ ಸಂಪರ್ಕವನ್ನು ಗೋಪ್ಯವಾಗಿ ಇಟ್ಟುಕೊಂಡು, ಬಿಟ್ಟುಹೋದವರನ್ನೂ ಸಾಧ್ಯವಾದಷ್ಟು ಮಟ್ಟಿಗೆ ವಿಚಾರಿಸಬೇಕು. ಹೊರಟುಹೋದವರ ಸಂಖ್ಯೆಯನ್ನೇ ಒಂದು ಸೂಚಕವಾಗಿ ಮುಖಪುಟದಲ್ಲಿ ಹಾಕುವುದು ನ್ಯಾಯ.

ವರದಿಯಲ್ಲಿ ಒಟ್ಟು ಅಂಕಕ್ಕಿಂತ ಬೀದಿವಾರು ನಕ್ಷೆಗೆ ಹೆಚ್ಚು ಜಾಗ ಕೊಡಬೇಕು, ಆದರೆ ಸಮೀಕ್ಷೆಯ ಉತ್ತರಗಳನ್ನು ನಕ್ಷೆಗೆ ಏರಿಸುವಾಗ ಯಾವುದೇ ಒಂದು ಮನೆಯ ಗುರುತು ಸಿಗದಷ್ಟು ಮನೆಗಳನ್ನು ಒಟ್ಟುಗೂಡಿಸಿಯೇ ತೋರಿಸಬೇಕು. ಎಣಿಕೆ ನಡೆದ ದಿನಾಂಕ, ಹೊತ್ತು, ಹವಾಮಾನ, ನಿಂತ ಜಾಗ, ಬಳಸಿದ ಉಪಕರಣ, ಪ್ರಶ್ನೆಗಳ ಯಥಾವತ್ ಪದಗಳು ಎಲ್ಲವನ್ನೂ ಅನುಬಂಧದಲ್ಲಿ ದಾಖಲಿಸಿಟ್ಟರೆ, ಎರಡು ವರ್ಷದ ನಂತರ ಬರುವ ಬೇರೊಂದು ತಂಡವು ಅದೇ ತಿಂಗಳಲ್ಲಿ, ಅದೇ ತಿರುವಿನಲ್ಲಿ ನಿಂತು, ಅದೇ ಹತ್ತು ನಿಮಿಷಗಳನ್ನು ಮತ್ತೆ ಎಣಿಸಬಹುದು.